ಅಪ್ಪನ ಕೆನ್ನೆಗೆ ಮೆತ್ತಗಿನ ಬ್ರಶ್

ಅಪ್ಪಿ,

ಮಲಾಡಿನಲ್ಲಿ ಮದುವೆ ಅಡುಗೆ ಇದೆ, ಮೊದಲ ಲೋಕಲ್ ರೈಲಿಗೆ ಹೊರಟೆ. ಗಂಜಿ ಮುಚ್ಚಿಟ್ಟಿದ್ದೇನೆ, ಅಪ್ಪನಿಗೆ ಆರಿಸಿ ಕೊಡು.

ಸಂಜೆ ಬರುವಾಗ ಗ್ರಾಂಟ್ ರೋಡಿನಲ್ಲಿ ಇಳಿದು ಅವರಿಗೊಂದು ಗಡ್ಡದ ಬ್ರಶ್ ತಾ. ಹೋಟೆಲಿನಲ್ಲಿ ಎಣ್ಣೆ ಸಿಡಿದ ಕೆನ್ನೆ ಮಾಗಿದೆ, ಇನ್ನು ಕ್ಷೌರ ಮಾಡಬಹುದು ಎಂದು ಡಾಕ್ಟರು ಹೇಳಿದರು. ಆದರೆ ಹಳೆಯ ಹಂದಿಕೂದಲಿನ ಬ್ರಶ್ ಆ ಎಳೆ ಚರ್ಮವನ್ನು ಕೆರೆದುಬಿಡುತ್ತದೆ. ಬ್ಯಾಜರ್ ಎಂಬ ಪ್ರಾಣಿಯ ಕೂದಲಿನದು ಮೆತ್ತಗಂತೆ, ಅದನ್ನೇ ಕೇಳು. ಅಂಗಡಿಯವನು ಮೊದಲು ಬಿಳಿ ತುದಿಯದನ್ನು ತೋರಿಸುತ್ತಾನೆ, ಅದರ ಬೆಲೆ ನಮಗೆ ಎಟುಕುವುದಿಲ್ಲ. ಮರದ ಹಿಡಿಯ, ಬೂದು ಬಣ್ಣದ್ದು ಸಾಕು. ನಿನ್ನ ಕಣ್ಣಿನ ಕೆಳಗೆ ಒತ್ತಿ ನೋಡು, ಚುಚ್ಚಿದರೆ ಬೇಡ. ಒದ್ದೆ ಬೆರಳಿಂದ ಉಜ್ಜಿದಾಗ ಬಣ್ಣ ಅಂಟಿದರೆ ಅದು ಬಣ್ಣ ಹಾಕಿದ ಹಂದಿಕೂದಲು.

ನೊರೆ ನೀನೇ ಹಚ್ಚು. ನಾನು ಹತ್ತಿರ ಹೋದರೆ ಗೋಡೆಗೆ ಮುಖ ತಿರುಗಿಸುತ್ತಾರೆ. "ಭಾನುವಾರ ಹುಡುಗನ ಕಡೆಯವರು ಬರುವಾಗ ನಾನು ವಡಾಲದಲ್ಲಿ ನಮ್ಮ ಹೋಟೆಲಿನ ಐತನ ರೂಮಲ್ಲಿ ಇರ್ತೇನೆ ಮಾರಾಯ್ತಿ. ಡ್ಯೂಟಿ ಉಂಟು ಅಂತ ಹೇಳು. ಈ ಮೋರೆ ಎದುರಿಗೆ ಕೂತರೆ ಅವರಿಗೆ ಚಾ ಇಳಿದೀತಾ?" ಎನ್ನುತ್ತಾರೆ. ಬೈದು ನೋಡಿದೆ, ಅತ್ತೂ ನೋಡಿದೆ. ಇನ್ನು ಏನು ಮಾಡಬೇಕೋ ನನಗೆ ತಿಳಿಯುವುದಿಲ್ಲ.

ಬ್ರಶ್ ತಂದ ಮೇಲೂ ಅಪ್ಪ ಭಾನುವಾರ ಮನೆಯಲ್ಲಿರಲು ಒಪ್ಪದಿದ್ದರೆ ಒತ್ತಾಯ ಮಾಡಬೇಡ, ಮಗಾ. ಬರುವುದು ಬೇಡವೆಂದು ಹುಡುಗನ ಕಡೆಯವರಿಗೆ ನಾನೇ ಹೇಳಿ ಕಳಿಸುತ್ತೇನೆ. ಅಪ್ಪ ಇರುವಾಗಲೇ ಅವರ ಜಾಗ ಖಾಲಿ ಇಟ್ಟು ನಿನ್ನನ್ನು ತೋರಿಸಲು ನನ್ನಿಂದಾಗದು.

ಅಮ್ಮ