ಮೂರು ಅಂದ ಮೇಲೆ ಒಂದು ಉಸಿರು

ಸೋಮವಾರ 3, ಬೆಳಿಗ್ಗೆ 5.30

ಒಲೆಯ ಮೇಲೆ ನೀರು. ಏಳಕ್ಕೆ ಡ್ಯೂಟಿ. ಯೂನಿಫಾರ್ಮಿನ ತೋಳಿನ ಕಲೆ ಎರಡು ಸಲ ಉಜ್ಜಿದರೂ ಹೋಗಿಲ್ಲ, ಹಾಳಾಗಲಿ.

ಇವತ್ತಿನಿಂದ ವಾರ್ಡಿನಲ್ಲಿ ಗಟ್ಟಿಗಿತ್ತಿ ಇರುವುದಿಲ್ಲ. ವಿಚಾರಣೆ ಮುಗಿಯುವ ತನಕ ಮನೆಯಲ್ಲೇ ಇರು ಅಂದಿದ್ದಾರೆ ಮೇಟ್ರನ್. ಹದಿನೇಳು ವರ್ಷ ನಾವು ಜೋಡಿ ಆಯಾಗಳು. ಅವಳು ನನ್ನ ಬಾಯಲ್ಲಿ ಗಟ್ಟಿಗಿತ್ತಿ, ನಾನು ಅವಳ ಬಾಯಲ್ಲಿ ಕಡ್ಡಿ. ಮಂಚದಿಂದ ಟ್ರಾಲಿಗೆ ರೋಗಿಯನ್ನು ಬೆಡ್‌ಶೀಟ್ ಸಮೇತ ಎತ್ತುವಾಗ ತಲೆಯ ಕಡೆ ಅವಳು, ಕಾಲಿನ ಕಡೆ ನಾನು. ಒಂದು, ಎರಡು, ಮೂರು — ಆಮೇಲೆ ಒಂದು ಉಸಿರು ಬಿಟ್ಟು ಎತ್ತುವುದು. ಆ ಉಸಿರು ಅವಳದೇ ಕಾನೂನು. ರೋಗಿಗೂ ಗೊತ್ತಾಗಬೇಕಲ್ಲೇ, ಅವರೇನು ಅಕ್ಕಿಮೂಟೆನಾ, ಅನ್ನುತ್ತಿದ್ದಳು.

ಶುಕ್ರವಾರ ನಾವು ಎತ್ತುವಾಗ ಎಂಟನೇ ಮಂಚದ ಅಜ್ಜಿ ಕೆಳಗೆ ಬಿದ್ದರು. ಸೊಂಟದ ಮೂಳೆ ಮುರಿದಿದೆ. ಗಟ್ಟಿಗಿತ್ತಿಯ ಬಲಗೈ ಮಣಿಕಟ್ಟಿಗೆ ಆರು ತಿಂಗಳಿಂದ ಪಟ್ಟಿ ಇದೆ. ಎಲ್ಲರೂ ಅದನ್ನೇ ನೋಡಿದರು.

ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಬುಧವಾರ 5

ಗಟ್ಟಿಗಿತ್ತಿ ಮನೆಗೆ ಬಂದಿದ್ದಳು. ಕೈಯಲ್ಲಿ ಎರಡು ಸರ್ಕಸ್ ಟಿಕೆಟ್. ಶನಿವಾರ ಸಂಜೆಯ ಆಟ.

“ಮನೇಲಿ ಕೂತು ಕೂತು ತಲೆ ಕೆಟ್ಟುಹೋಗಿದೆ ಕಣೇ ಕಡ್ಡಿ. ಬರ್ತೀಯೋ ಇಲ್ವೋ?”

“ಈ ವಯಸ್ಸಲ್ಲಿ ಸರ್ಕಸ್ಸಾ?”

“ಜೋಕರ್ ಕೆಲಸ ಖಾಲಿ ಇದ್ರೆ ಕೇಳ್ಕೊಂಡು ಬರೋಣ. ಹೇಗಿದ್ರೂ ಮುಂದೆ ಬೇಕಾಗುತ್ತೆ.”

ನಗಿಸಿದಳು. ನಗು ಬಂದಿತು, ಅದೇ ಬೇಸರ. ಅವಳು ಹೋದ ಮೇಲೆ ನಮ್ಮವರು, “ಸದ್ಯ, ನಿನ್ನ ತಲೆಗೆ ಬರಲಿಲ್ಲವಲ್ಲ” ಅಂದರು. ಪಾತ್ರೆ ತೊಳೆಯುತ್ತಿದ್ದೆ. ಕೇಳಿಸದವಳ ಹಾಗೆ ನಲ್ಲಿ ಜೋರು ಮಾಡಿದೆ.

ಭಾನುವಾರ 9, ಬೆಳಿಗ್ಗೆ

ನಿದ್ದೆ ಇಲ್ಲ. ಬರೆದೇ ತೀರಬೇಕು.

ನಿನ್ನೆ ಸರ್ಕಸ್. ತೇಪೆ ಹಾಕಿದ ಡೇರೆ. ಕಾಲು ಅಲ್ಲಾಡುವ ಪ್ಲಾಸ್ಟಿಕ್ ಕುರ್ಚಿ. ಅರ್ಧ ಸೀಟು ಖಾಲಿ. ಮರದ ಹೊಟ್ಟಿನ ವಾಸನೆ. ಬಣ್ಣ ಬಳಿದುಕೊಂಡ ಮುದುಕ ಜೋಕರ್ ಬಕೆಟ್ಟಿಗೆ ಕಾಲು ಸಿಕ್ಕಿಸಿಕೊಂಡು ಬಿದ್ದ, ಮಂಡಿ ಉಜ್ಜಿಕೊಳ್ಳುತ್ತ ಎದ್ದ. “ಇವನಿಗೂ ಸೊಂಟದ ಎಕ್ಸ್‌ರೇ ಬೇಕು” ಅಂದಳು ಗಟ್ಟಿಗಿತ್ತಿ. ಕಡಲೆಕಾಯಿ ಸುಲಿಯುವುದು ಎಡಗೈಯಲ್ಲಿ. ಬಲಗೈ ಸೆರಗಿನೊಳಗೆ.

ಕೊನೆಗೆ ಉಯ್ಯಾಲೆ ಆಟ. ಮೇಲೆ ಒಬ್ಬಳು ತಲೆಕೆಳಗಾಗಿ ನೇತಾಡುತ್ತ ಎರಡೂ ಕೈ ಚಾಚಿದ್ದಳು. ಎದುರಿನಿಂದ ಇನ್ನೊಬ್ಬಳು ಹಾರಿಬಂದಾಗ ಇವಳು ಹಿಡಿಯಬೇಕು. ಎರಡು ಸಲ ಸರಿಯಾಯಿತು. ಮೂರನೇ ಸಲ ತಪ್ಪಿತು. ಹಾರಿದವಳು ಬಲೆಗೆ ಬಿದ್ದಳು. ಪೆಟ್ಟೇನೂ ಆಗಲಿಲ್ಲ, ಎದ್ದು ನಮಸ್ಕಾರ ಮಾಡಿದಳು. ಜನ ಮೇಲಿದ್ದವಳನ್ನು ನೋಡಿ ಛೇ, ಛೇ ಅಂದರು. ಅವಳ ಕೈಗಳು ಇನ್ನೂ ಚಾಚಿಕೊಂಡೇ ಇದ್ದವು.

ನಾನು ನೋಡಿದ್ದೆ. ಹಾರಿದವಳು ತನ್ನ ಉಯ್ಯಾಲೆಯನ್ನು ಬೇಗ ಬಿಟ್ಟಳು. ಹಿಡಿಯುವವಳ ಉಯ್ಯಾಲೆ ಇನ್ನೂ ಮುಂದಕ್ಕೆ ಬಂದಿರಲಿಲ್ಲ.

ಪಕ್ಕದಲ್ಲಿ ಗಟ್ಟಿಗಿತ್ತಿ ಅಳುತ್ತಿದ್ದಳು. ಹದಿನೇಳು ವರ್ಷದಲ್ಲಿ ಅವಳು ಅತ್ತದ್ದನ್ನು ನೋಡಿರಲಿಲ್ಲ.

“ಪಾಪ, ಹಿಡಿಯೋಳ ಕೈಲಿ ಆಗಲಿಲ್ಲ. ನನ್ನ ಹಾಗೇ ಕಣೇ. ಶಕ್ತಿ ಇಲ್ಲ ಅಂತ ಗೊತ್ತಿದ್ದೂ ರಜೆ ಹಾಕಲಿಲ್ಲ ನಾನು. ಅವಳಿಗಾದ್ರೂ ಕೆಳಗೆ ಬಲೆ ಇತ್ತು. ಅಜ್ಜಿಗೆ ಏನಿತ್ತು?”

ಆಗಲೇ ಹೇಳಬೇಕಿತ್ತು. ಬ್ಯಾಂಡ್ ಜೋರಾಗಿತ್ತು ಅನ್ನುವುದು ನೆಪ. ಕಡಲೆಕಾಯಿ ಪೊಟ್ಟಣ ಅವಳ ಮುಂದೆ ಹಿಡಿದೆ. ಇಷ್ಟೇ ನನ್ನ ಯೋಗ್ಯತೆ.

ಇಲ್ಲಿ ಬರೆಯುತ್ತೇನೆ. ಅಜ್ಜಿ ಬಿದ್ದ ಶುಕ್ರವಾರ ಶಿಫ್ಟ್ ಮುಗಿಯಲು ಹತ್ತು ನಿಮಿಷ ಇತ್ತು. ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲೆ. ಅವಳು ಎಣಿಸುತ್ತಿದ್ದಳು. ಎರಡು ಅಂದಾಗಲೇ ನಾನು ನನ್ನ ಕಡೆಯ ಬೆಡ್‌ಶೀಟ್ ಎತ್ತಿ ಎಳೆದೆ. ಅವಳು ತಲೆ ತಗ್ಗಿಸಿ ಪಟ್ಟಿಯ ಕೈಯ ಹಿಡಿತ ಇನ್ನೂ ಸರಿ ಮಾಡಿಕೊಳ್ಳುತ್ತಿದ್ದಳು. ಶೀಟು ಅವಳ ಕೈಯಿಂದ ಜಾರಿತು. ಅವಳ ಕೈಯ ತಪ್ಪಲ್ಲ ಅದು. ನನ್ನದು. ಅದು ಅವಳಿಗೂ ಗೊತ್ತಿಲ್ಲ. ತನ್ನ ಕೈಯನ್ನೇ ಶಪಿಸಿಕೊಳ್ಳುತ್ತಿದ್ದಾಳೆ.

ಬುಧವಾರ 12

ವಿಚಾರಣೆ ಆಯಿತು. ಮೇಟ್ರನ್ ಕೇಳಿದರು, “ನೀನೇನಮ್ಮಾ ನೋಡಿದ್ದು?”

“ಅವಳ ಕೈಯಿಂದ ಶೀಟು ಜಾರಿತು ಮೇಡಂ.”

ಸುಳ್ಳಲ್ಲ. ಅದಕ್ಕೇ ಇನ್ನೂ ಹೇಸಿಗೆ.

ಗಟ್ಟಿಗಿತ್ತಿ ತಲೆಯಾಡಿಸಿ, “ಹೌದು, ಇವಳು ಹೇಳಿದ್ದು ನಿಜ” ಅಂದಳು. ನನ್ನನ್ನು ಕಾಪಾಡುವವಳ ಹಾಗೆ. ಎಡಗೈಯಲ್ಲಿ ಸಹಿ ಹಾಕಿದಳು. ಇನ್ನು ಅವಳು ರೋಗಿಗಳನ್ನು ಮುಟ್ಟುವ ಹಾಗಿಲ್ಲ. ಬಟ್ಟೆ ಕೋಣೆಯಲ್ಲಿ ಕೆಲಸ.

ಬುಧವಾರ 19

ಅಜ್ಜಿ ಹೋದರು. ಬೆಳಿಗ್ಗೆ ಒಂಬತ್ತಕ್ಕೆ. ಎಂಟನೇ ಮಂಚದ ಹಾಸಿಗೆ ನಾನೇ ಒರೆಸಿದೆ.

ಗಟ್ಟಿಗಿತ್ತಿಗೆ ಯಾರು ಹೇಳಿದರೋ. ಮಧ್ಯಾಹ್ನ ನೋಡಿದರೆ ಡಬ್ಬಿ ಬಿಚ್ಚದೆ ಕೂತಿದ್ದಾಳೆ.

“ಈ ಕೈಯಲ್ಲಿ ತುತ್ತು ಎತ್ತೋಕೆ ಆಗ್ತಿಲ್ಲ ಕಣೇ. ಮನಸ್ಸು ಬರ್ತಿಲ್ಲ.”

ಪಕ್ಕದಲ್ಲೇ ಕೂತು ನಾನು ಉಂಡೆ. ಡಬ್ಬಿ ಪೂರ್ತಿ ಖಾಲಿ ಮಾಡಿದೆ. ಎಂಥ ಹೆಂಗಸು ನಾನು…

ಸೋಮವಾರ 24, ಬೆಳಿಗ್ಗೆ 11.10

ಬಟ್ಟೆ ಕೋಣೆಯ ಹೊರಗಿನ ಬೆಂಚು. ಡ್ಯೂಟಿ ಬಿಟ್ಟು ಬಂದಿದ್ದೇನೆ.

ನನಗೆ ಹೊಸ ಜೋಡಿ ಕೊಟ್ಟರು ಇವತ್ತು. ಹದಿಮೂರನೇ ಮಂಚದವರನ್ನು ಟ್ರಾಲಿಗೆ ಎತ್ತಬೇಕಿತ್ತು. “ಯಾವಾಗ ಎತ್ತೋದು ಅಕ್ಕ?” ಅಂದಳು. “ಮೂರು ಅಂದ ಮೇಲೆ, ಒಂದು ಉಸಿರು ಬಿಟ್ಟು” ಅಂದೆ. ಎಣಿಸಲು ಶುರುಮಾಡಿದೆ. ಒಂದು. ಎರಡು. ಮೂರು ಅನ್ನಲು ಬಾಯಿ ಬರಲಿಲ್ಲ. ಶೀಟು ಕೆಳಗಿಟ್ಟು, ಸಿಸ್ಟರನ್ನು ಕರಿ ಅಂತ ಹೇಳಿ ಬಂದುಬಿಟ್ಟೆ.

ಗಟ್ಟಿಗಿತ್ತಿಯ ಮುಂದೆ ನಿಂತು ಹೇಳಲು ಹೋದೆ. ನಾಲ್ಕು ಸಲ. “ಕಾಫಿ ಆಯ್ತಾ?” ಅಂತ ಕೇಳಿದೆ. ಥೂ.

ಬಾಗಿಲಿಂದ ಕಾಣುತ್ತಾಳೆ. ದಿಂಬಿನ ಗವಸು ಮಡಿಸುತ್ತಿದ್ದಾಳೆ. ಎಡಗೈ ಒಂದರಲ್ಲೇ. ಬಲಗೈಯನ್ನು ಮಡಿಲಲ್ಲಿಟ್ಟು ಮೇಲೆ ಟವೆಲ್ ಮುಚ್ಚಿಕೊಂಡಿದ್ದಾಳೆ. ತನ್ನ ಕಣ್ಣಿಗೇ ಬೀಳಬಾರದು ಅನ್ನುವಂತೆ.

ನನ್ನನ್ನು ನೋಡಿದಳು. ಎದ್ದು ಬರುತ್ತಿದ್ದಾಳೆ.

“ಏನೇ ಕಡ್ಡಿ, ಡ್ಯೂಟಿ ಟೈಮಲ್ಲಿ ಅದೇನು ಗೀಚ್ತಿದ್ದೀಯ? ನನ್ನ ಮೇಲೆ ಕಥೆನಾ? ಕೊಡಿಲ್ಲಿ.”

ಕೈ ಚಾಚಿದ್ದಾಳೆ. ಬಲಗೈ. ಮರೆತು ಚಾಚಿರಬೇಕು.

ಭಾನುವಾರದ ಪುಟಕ್ಕೆ ಪೆನ್ನಿನ ಕ್ಯಾಪ್ ಸಿಕ್ಕಿಸಿದ್ದೇನೆ. ಅಲ್ಲಿಂದ ಓದು ಅಂತ ಅವಳ ಕೈಗೆ —