ಖಾರದ ಹಾಲು

ನಮ್ಮ ಊರಿಂದ, ಅಫಜಲಪುರ ತಾಲೂಕು
17-11-2025, ಕಾರ್ತಿಕ ಸೋಮವಾರ

ಗೆಳತಿ ಬದರುನ್ನಿಸಾಗೆ ಗುರಮ್ಮನ ಶರಣು.

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದೆಯಲ್ಲ, ನಿನಗೆ ಏನು ಹೇಳಲಿ? ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಒಂದು ಸಾಲು ಬರೆಯುವಷ್ಟರಲ್ಲಿ ಎರಡು ರೊಟ್ಟಿ ಬಡಿದು ಮುಗಿಸುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿ ಪೂರ್ತಿ ಹೋಗಿದೆ. ಮೊನ್ನೆ ನಾನು ಕೂಗಿದ ಕೂಗಿಗೆ ಓಣಿಯ ನಾಯಿಗಳೆಲ್ಲ ಎದ್ದು ಬೊಗಳಿದವು, ನೀನು ಮಾತ್ರ "ಹಾಂ? ಹಾಂ?" ಎಂದೆ. ಕಡೆಗೆ ನಿನ್ನ ಮಗಳು ಜಸ್ಮೀನ ಫೋನು ಕಸಿದುಕೊಂಡು, "ಗುರಮ್ಮ ಖಾಲಾ, ಹಿಂಗ ಚೀರಿದ್ರ ನಿಮಗೇ ಬಿಪಿ ಏರ್ತದ. ಪತ್ರ ಬರೀರಿ. ಅಮ್ಮೀಗಿ ಕಣ್ಣ ಚೊಲೊ ಅದಾವ, ಓದತಾಳ" ಎಂದಳು. ಹೇಳುವವರಿಗೆ ಏನು, ಹೇಳುತ್ತಾರೆ. ಬೆರಳು ನೋಯುವುದು ನನ್ನದು.

ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ಎಂದು ಬರೆಯಬೇಕಂತೆ. ನನ್ನ ಸೊಸೆ ಸುನಿತಾ ಪಕ್ಕದಲ್ಲಿ ಕೂತು ಹೇಳುತ್ತಿದ್ದಾಳೆ. ಬರೆದಿದ್ದೇನೆ. ಇನ್ನು ಅವಳನ್ನು ಎಬ್ಬಿಸಿ ಒಳಗೆ ಕಳಿಸುತ್ತೇನೆ. ಇದು ನಮ್ಮಿಬ್ಬರ ಮಾತು.

ಇಲ್ಲಿ ತೊಗರಿ ಹೂ ಬಿಟ್ಟಿದೆ. ನನ್ನ ಮಂಡಿ ನೋಯುತ್ತದೆ, ಆದರೂ ಹಾಲು ನಾನೇ ಕರೆಯುತ್ತೇನೆ. ಸುನಿತಾ ಕೂತರೆ ಆಕಳು ಒದೆಯುತ್ತದೆ; ಅವಳ ಕೈಬಳೆಯ ಸದ್ದು ಅದಕ್ಕೆ ಆಗುವುದಿಲ್ಲ. ಇದು ದೇವಣಿ ತಳಿಯ ಆಕಳು, ಚಂದ್ರಿ ಅಂತ ಹೆಸರು. ಮೈಯೆಲ್ಲ ಬಿಳಿ, ಮುಖ ಅರ್ಧ ಕಪ್ಪು, ನಿನ್ನ ರಾಣಿಯ ಹಾಗೆಯೇ. ಬೆಳಿಗ್ಗೆ ಅದರ ಹೊಟ್ಟೆಗೆ ಹಣೆಯಿಟ್ಟು ಕೂತಾಗ ಗೋಡೆಯ ಆಚೆಯಿಂದ ನಿನ್ನ ದನಿ ಬರುತ್ತದೇನೋ ಎಂದು ಈಗಲೂ ಒಂದು ಗಳಿಗೆ ಕೈ ನಿಲ್ಲಿಸುತ್ತೇನೆ. ನಿನ್ನ ಕೊಟ್ಟಿಗೆಗೂ ನನ್ನ ಕೊಟ್ಟಿಗೆಗೂ ಒಂದೇ ಗೋಡೆಯಲ್ಲವೇ? ನಿನ್ನ ಚರಿಗೆಯಲ್ಲಿ ಹಾಲು ಬೀಳುವ ಸದ್ದು ಕೇಳಿಯೇ ನೀನು ಯಾವ ಮೊಲೆ ಹಿಡಿದಿದ್ದೀ ಎಂದು ನಾನು ಹೇಳುತ್ತಿದ್ದೆ. "ಏ ಗುರವ್ವ, ನಿನ್ನ ಚರಗಿ ಇನ್ನಾ ಠಣಠಣ ಅನ್ನಾಕತ್ತದ, ನಂದು ತುಂಬಿ ಬುರುಗು ಬಂತ ನೋಡು" ಎಂದು ನೀನು ಅಣಕಿಸುತ್ತಿದ್ದೆ. ನಿನ್ನ ರಾಣಿಯೇನು ಮಹಾ ಹಾಲು ಕೊಡುತ್ತಿರಲಿಲ್ಲ. ನಿನ್ನ ಬಾಯಿ ದೊಡ್ಡದು.

ರಮಜಾನ ಹಬ್ಬದ ಮುಂಚಿನ ದಿನ ನೀನು ಹೊಸ ಬೋಗುಣಿ ತಂದು ನನ್ನ ಮುಂದೆ ಇಡುತ್ತಿದ್ದೆ. ಅದರಲ್ಲಿ ನನ್ನ ಆಕಳ ಹಾಲೇ ಕಾಸಿ, ಶಾವಿಗೆ ಹಾಕಿ ಸುರಕುಂಬಾ ಮಾಡಿ, ಮರುದಿನ ಹಿತ್ತಿಲ ಬಾಗಿಲಿಗೆ ತಂದುಕೊಡುತ್ತಿದ್ದೆ. ನನ್ನ ಅತ್ತೆ ನೋಡಬಾರದೆಂದು ನಾನು ಸಗಣಿ ಕುಳ್ಳಿನ ರಾಶಿಯ ಹಿಂದೆ ನಿಂತು ತಿನ್ನುತ್ತಿದ್ದೆ. ಅತ್ತೆಗೆ ಗೊತ್ತೇ ಇತ್ತು, ಬದರೂ. ಸಾಯುವ ವರ್ಷ ನನಗೆ ಹೇಳಿದಳು: "ಒಂದ ವರ್ಷರೆ ನನಗೊಂದ ವಾಟಗಾ ಇಟ್ಟಿಯೇನ ಬೇ?" ಎಳ್ಳಮಾವಾಸ್ಯೆಗೆ ಹೊಲದಲ್ಲಿ ನೀನಿಲ್ಲದೆ ಕಾಯಿಪಲ್ಯೆ ಭಜ್ಜಿಯ ಪಾತ್ರೆಯ ಮುಚ್ಚಳ ತೆಗೆದವಳಲ್ಲ ನಾನು. ಈಗಲೂ ತೆಗೆಯುತ್ತೇವೆ, ತಿನ್ನುತ್ತೇವೆ. ರುಚಿ ಇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಉಪ್ಪು ಕಡಿಮೆ ಎಂದು ಜಗಳ ತೆಗೆಯುವವರು ಯಾರೂ ಇಲ್ಲ.

ಈಗ ಸಂಗತಿಗೆ ಬರುತ್ತೇನೆ. ಗಟ್ಟಿಯಾಗಿ ಕೂತು ಓದು.

ನೀನು ಊರು ಬಿಟ್ಟು ಹದಿನೈದು ವರ್ಷದ ಮೇಲಾಯಿತು. ನೀನು ಬಿಟ್ಟರೂ ಆ ಮಾತು ಊರು ಬಿಡಲಿಲ್ಲ. ಇವತ್ತಿಗೂ ಯಾರ ಮನೆಯ ಹಾಲು ಕೆಟ್ಟರೂ "ಬದರಮ್ಮನ ಖಾರದ ಹಾಲು" ಎಂದು ನಗುತ್ತಾರೆ. ಆ ವಾರ ನಾನು ಊರಲ್ಲಿರಲಿಲ್ಲ, ಮಗಳ ಹೆರಿಗೆಗೆಂದು ಆಳಂದದ ದವಾಖಾನೆಯಲ್ಲಿದ್ದೆ. ನಿನ್ನ ಯಜಮಾನ ಖಾದರಸಾಬಣ್ಣ ಭೂಸನೂರಿನ ಕಾರ್ಖಾನೆಗೆ ಕೆಲಸಕ್ಕೆ ಹೋಗಿದ್ದ. ಆಗ ನಡೆದದ್ದನ್ನು ನೀನು ನನಗೆ ಹೇಳಲೇ ಇಲ್ಲ. ಊರವರು ಹೇಳಿದ್ದು ಇಷ್ಟು: ನೀನು ಹಾಲಿನ ಡೇರಿಗೆ ಬಂದು "ಹಾಲು ಖಾರ ಆಗ್ಯಾವ" ಎಂದೆ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಮರುದಿನ ಊರಿನ ಹಾಲಿನ ಕ್ಯಾನು ಉಪ್ಪುಪ್ಪು ಎಂದು ವಾಪಸು ಬಂತು. ಆಗ ಡೇರಿ ನೋಡಿಕೊಳ್ಳುತ್ತಿದ್ದ ದತ್ತಪ್ಪ ಒಬ್ಬೊಬ್ಬರ ಹಾಲು ನಾಲಿಗೆಗೆ ಹಚ್ಚಿ ನೋಡಿ, ನಿನ್ನದೇ ಎಂದು ಹಿಡಿದ. ನೀರು ಬೆರೆಸಿ, ಅದು ಡೇರಿಯ ಮಾಪಿನಲ್ಲಿ ಸಿಗಬಾರದೆಂದು ಉಪ್ಪು ಹಾಕಿದ್ದಾಳೆ ಎಂದು ಎಲ್ಲರ ಎದುರಿಗೆ ನಿನ್ನ ಹಾಲನ್ನು ನೆಲಕ್ಕೆ ಸುರಿದ. ವಾರ ಮುಗಿಯುವುದರೊಳಗೆ ನೀವು ಜೇವರ್ಗಿಗೆ ಹೊರಟಿರಿ.

ನೀನು ಉಪ್ಪು ಹಾಕಿದ್ದೀ ಎಂದು ನಾನು ಒಂದು ದಿನವೂ ನಂಬಲಿಲ್ಲ. ನಂಬಿದವರ ಜೊತೆ ಬಾವಿಯ ಹತ್ತಿರ ಜುಟ್ಟು ಹಿಡಿಯುವಷ್ಟು ಜಗಳವಾಡಿದ್ದೇನೆ. ಆದರೆ ಹಾಲಿಗೆ ಖಾರ ಎಲ್ಲಿಂದ ಬಂತು, ಅಂಥ ಮಾತು ನೀನು ಯಾಕೆ ಆಡಿದೆ ಎಂಬುದು ಮಾತ್ರ ನನಗೆ ಬಗೆಹರಿದಿರಲಿಲ್ಲ.

ಹೋದ ತಿಂಗಳು ಬೀದರದ ಕಡೆಯಿಂದ ಶೈಲಶ್ರೀ ಎಂಬ ದನದ ಡಾಕ್ಟರು ಬಂದಳು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕು ಸುತ್ತಿ ಆಕಳು ಎಮ್ಮೆಗಳ ಕೆಚ್ಚಲು ಬಾವಿನ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಜೊತೆಗೆ ಜಹೀರುದ್ದೀನ ಎಂಬ ಕಂಪೌಂಡರ, ಅರ್ಧ ತಲೆ ನರೆತವನು. ನಾನು ಬಾಗಿಲಲ್ಲೇ ತಡೆದೆ.

"ನನ್ನ ಆಕಳಿಗಿ ಏನೂ ಆಗಿಲ್ಲ. ಬಾವಿಲ್ಲ, ಜ್ವರಿಲ್ಲ, ಮೇವ ತಿಂತದ. ನೀ ಮುಟ್ಟಿದ್ರ ಒದ್ದು ಹಲ್ಲ ಉದರಸ್ತದ. ನಡಿ."

"ಬಾವು ಇಲ್ಲದ ಬಾವೇ ಹುಡಕಾಕತ್ತೇನ್ರಿ ಅಮ್ಮ," ಎಂದಳು ಅವಳು, ಕದಲಲಿಲ್ಲ. "ಕಣ್ಣಿಗಿ ಕಂಡ್ರ ನೀವೇ ಔಷಧ ಮಾಡಸ್ತೀರಿ. ಕಾಣದ್ದು ಒಳಗೇ ಕುಂತು ಹಾಲು ಕೆಡಸ್ತದ."

ಮಾತು ಚುರುಕಾಗಿತ್ತು, ಒಳಗೆ ಬಿಟ್ಟೆ. ನಾಲ್ಕು ಗುಂಡಿಯ ಒಂದು ಬಿಳಿ ತಟ್ಟೆ ತೆಗೆದಳು. ಒಂದೊಂದು ಮೊಲೆಯ ಹಾಲನ್ನು ಒಂದೊಂದು ಗುಂಡಿಗೆ ಹಿಂಡಿ, ನೇರಳೆ ಬಣ್ಣದ ಔಷಧ ಸುರಿದು ತಟ್ಟೆಯನ್ನು ಮೆಲ್ಲಗೆ ತಿರುಗಿಸಿದಳು. ಮೂರು ಗುಂಡಿಯ ಹಾಲು ನೀರಿನಂತೆ ತಿರುಗಿತು. ಹಿಂದಿನ ಎಡಮೊಲೆಯದು ಗಂಜಿಯ ಹಾಗೆ ಮುದ್ದೆಕಟ್ಟಿ ನಿಂತಿತು. "ನಿನ್ನ ಗುಂಡ್ಯಾಗೇ ಏನರೆ ಹತ್ತಿರಬೇಕು" ಎಂದೆ. ತೊಳೆದು, ಗುಂಡಿ ಬದಲಿಸಿ ಮತ್ತೆ ಮಾಡಿದಳು. ಅದೇ ಮೊಲೆ, ಅದೇ ಗಂಜಿ. ಆಕಳಿಗೆ ನೋವಿಲ್ಲ, ಕೆಚ್ಚಲಿಗೆ ಬಿಸಿಯಿಲ್ಲ, ನೋಡಿದರೆ ಹಾಲೂ ಬೆಳ್ಳಗೇ ಇದೆ.

ಸಿಟ್ಟು ಬಂದರೂ ಮನೆಗೆ ಬಂದವರು. ಬೆಳಿಗ್ಗೆ ಕರೆದ ಹಾಲಿನಲ್ಲೇ ಚಾ ಕಾಸಿಕೊಟ್ಟೆ. ಜಹೀರುದ್ದೀನ ಒಂದು ಗುಟುಕು ಕುಡಿದು ಡಾಕ್ಟರ ಕಡೆ ತಿರುಗಿ, "ಅರೆ, ದೂಧ್ ಖಾರಾ ಹೈ ಕ್ಯಾ ಜೀ?" ಎಂದ.

ನನ್ನ ತಲೆ ಕೆಟ್ಟಿತು. "ಚಾದಾಗ ಖಾರ ಯಾವ ಹುಚ್ಚಿ ಹಾಕ್ತಾಳೋ? ಸಕ್ರಿ ಹಾಕೀನಿ! ಕುಡಿ, ಇಲ್ಲಂದ್ರ ಇಡು."

"ಸಿಟ್ಟಾಗಬ್ಯಾಡ್ರಿ ಅಮ್ಮಾ," ಎಂದು ಅವನು ನಕ್ಕ. "ನಮ್ಮ ಮನಿ ಮಾತಿನ್ಯಾಗ ಖಾರಾ ಅಂದ್ರ ಉಪ್ಪುಪ್ಪು. ಮೆಣಸಿನಕಾಯಿಗಿ ನಾವು ತೀಖಾ ಅಂತೀವ್ರಿ."

ಬದರೂ, ಅವತ್ತು ನೀನು ಹೇಳಿದ್ದು ಹಾಲು ಉಪ್ಪುಪ್ಪು ಆಗಿದೆ ಎಂದೇ ಅಲ್ಲವೇ! ಒಂದು ಗೋಡೆಯ ಆಚೆ ಈಚೆ ಅಷ್ಟು ವರ್ಷ ಬಾಳಿದೆವು. ನಿನ್ನ ಮಾತಿನ ಪಾನಿ ಗೊತ್ತು, ರೋಟಿ ಗೊತ್ತು, ನೀನು ಖಾದರಸಾಬಣ್ಣನಿಗೆ ಬೈಯುವ ಬೈಗುಳವೆಲ್ಲ ಗೊತ್ತು. ಈ ಒಂದು ಮಾತು ಗೊತ್ತಿರಲಿಲ್ಲ. ನನ್ನ ಜೊತೆ ನೀನು ಕನ್ನಡವೇ ಆಡುತ್ತಿದ್ದೆ. ಗಾಬರಿಯಲ್ಲಿ ಡೇರಿಯ ಮುಂದೆ ಅದೊಂದು ನಿನ್ನ ಮನೆಯ ಮಾತು ಬಾಯಿಗೆ ಬಂದಿರಬೇಕು.

ಶೈಲಶ್ರೀ ಬಿಡಿಸಿ ಹೇಳಿದಳು. ರೋಗ ಹೊಕ್ಕ ಮೊಲೆಯಲ್ಲಿ ಒಳಗಿನ ಪದರ ಸಡಿಲಾಗಿ ರಕ್ತದ ಉಪ್ಪು ಹಾಲಿಗೆ ಇಳಿಯುತ್ತದಂತೆ. ಯಾರೂ ಹಾಕಬೇಕಿಲ್ಲ. ನಿನ್ನ ರಾಣಿಗೆ ಅದೇ ಆಗಿತ್ತೇ ಎಂದು ಕೇಳಿದೆ. "ನೋಡದ ಆಕಳದು ಖರೇ ಹೇಳಾಕ ಬರಲ್ರಿ ಅಮ್ಮ. ಆದ್ರ ಉಪ್ಪು ರುಚಿ ಬಂತು, ಬಾವಿರಲಿಲ್ಲ ಅಂದ್ರ ನಾ ಮೊದಲ ಇದನ್ನೇ ನೋಡತಿದ್ದೆ" ಎಂದಳು. ನಾವು ಬೆರಳನ್ನು ಹಾಲಲ್ಲಿ ಅದ್ದಿ ಅದ್ದಿ ಕರೆಯುತ್ತಿದ್ದೆವಲ್ಲ, ಅದನ್ನೂ ಬಿಡಬೇಕಂತೆ, ರೋಗ ಬೆರಳಿನಿಂದಲೇ ಹರಿದಾಡುತ್ತದೆ. ಕರೆದ ಮೇಲೆ ಮೇವು ಹಾಕಿ ಆಕಳನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕಂತೆ, ಮೊಲೆಯ ಬಾಯಿ ಮುಚ್ಚುವವರೆಗೆ. ನನ್ನ ಅತ್ತೆ ಇದ್ದಿದ್ದರೆ ಡಾಕ್ಟರನ್ನು ಒನಕೆ ಹಿಡಿದು ಅಟ್ಟುತ್ತಿದ್ದಳು. ನಾನು ಈಗ ಸಾಬೂನು ಹಚ್ಚಿ ಕೈ ತೊಳೆದು, ಒಣಬಟ್ಟೆಯಲ್ಲಿ ಒರೆಸಿ ಕರೆಯುತ್ತೇನೆ. ಚಂದ್ರಿಗೆ ಔಷಧ ನಡೆದಿದೆ. ಸದ್ಯ ಅದರ ಹಾಲು ಡೇರಿಗೆ ಇಲ್ಲ.

ಅವರು ಹೋದದ್ದೇ ತಡ, ದತ್ತಪ್ಪನ ಮನೆಗೆ ಹೋದೆ. ಈಗ ಅವನು ಮುದುಕ, ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ.

"ದತ್ತಪ್ಪಾ, ಬದರುನ್ನಿಸಾ ಅವತ್ತ ನಿನಗ ಏನೇನ ಅಂದಳು? ಪೂರಾ ಹೇಳು."

"ಹಳೀ ಮಾತ ಈಗ ಯಾಕಬೇ ಯವ್ವಾ?"

"ಹೇಳ್ತೀಯೋ, ಈ ಬುಟ್ಟಿ ನಿನ್ನ ತಲಿ ಮ್ಯಾಲ ಹಾಕ್ಲೋ?"

"ಹಾಲು ಖಾರಾ ಆಗ್ಯಾವ, ಇವತ್ತ ಕ್ಯಾನಿಗಿ ಹಾಕಬ್ಯಾಡ್ರಿ, ಆಕಳನ್ನ ಡಾಕ್ಟರಗ ತೋರಸ್ತೇನಿ ಅಂದಳು. ಹಂಗಾರ ಬಳ್ಳೊಳ್ಳಿನೂ ಹಾಕಿ ಒಗ್ಗರಣಿ ಕೊಡು ಅಂದೆ ನಾನು. ಎಲ್ಲಾರೂ ನಕ್ಕರು. ನಾನೇ ಚರಗಿ ಕಸಗೊಂಡು ಕ್ಯಾನಿಗಿ ಸುರದೆ."

ಖಾರಾ ಎಂದರೆ ಏನೆಂದು ಹೇಳಿದೆ. ಅವನ ಕೈಯಲ್ಲಿದ್ದ ಕಾಯಿ ಸುಲಿಯದೆ ನಿಂತಿತು. "ಅಂದ್ರ ಆಕೀನೇ ಮೊದಲ ಬಂದು ಹೇಳಿದ್ಳು..." ಎಂದ. ಆಮೇಲೆ ನನ್ನ ಮೇಲೆಯೇ ಹರಿಹಾಯ್ದ: "ನಾನೇನ ಉರ್ದು ಶಾಲಿ ಕಲತೀನೇನು? ಬಿಡಿಸಿ ಹೇಳಬಾರದಿತ್ತೇನ ಆಕಿ?"

"ಅಷ್ಟ ಮಂದಿ ಹಲ್ಲ ತಗದ ನಕ್ಕರ ನೀ ಬಿಡಿಸಿ ಹೇಳ್ತಿದ್ದೇನೋ?" ಎಂದು ಎದ್ದು ಬಂದೆ.

ಎರಡು ದಿನ ಅವನು ನನ್ನ ಕಣ್ಣಿಗೆ ಬೀಳಲಿಲ್ಲ. ಆಮೇಲೆ ತಾನೇ ಬಂದು ಅಂಗಳದಲ್ಲಿ ನಿಂತ. ಡಿಸೆಂಬರ್ ಹತ್ತಕ್ಕೆ ಶೈಲಶ್ರೀ ಡೇರಿಯ ಮುಂದೆ ಊರವರನ್ನು ಕೂಡಿಸಿ ಆ ತಟ್ಟೆಯ ಪರೀಕ್ಷೆ ತೋರಿಸುತ್ತಾಳೆ. "ಅಲ್ಲೇ ಎದ್ದು ನಿಂತು ಹೇಳ್ತೇನಿ. ಆಕೀ ಹಾಲಿನ್ಯಾಗ ಮೋಸ ಇರಲಿಲ್ಲ, ತಪ್ಪ ನಂದು ಅಂತ. ಆದ್ರ ಆಕಿ ಎದುರಿಗಿರಬೇಕು. ನೆಲಕ್ಕ ಸುರದಿದ್ದು ಆಕೀ ಎದುರಿಗೇ ಅಲ್ಲೇನು?" ಎಂದ. ಚಾ ಕುಡಿ ಎಂದೆ. ಬೇಡವೆಂದು ಹೋದ.

ಅದಕ್ಕೇ ಈ ಪತ್ರ. ಜಸ್ಮೀನಳನ್ನು ಕರೆದುಕೊಂಡು ಬಾ. ಅಫಜಲಪುರದ ಬಸ್ ಸ್ಟ್ಯಾಂಡಿಗೆ ನನ್ನ ಮಗ ಗಾಡಿ ತರುತ್ತಾನೆ. ಖಾದರಸಾಬಣ್ಣನಿಗೆ ಶರಣು ಹೇಳು, ಬೀಡಿ ಬಿಡಲು ಹೇಳು. ಜಸ್ಮೀನಳಿಗೂ ಅವಳ ಮಕ್ಕಳಿಗೂ ಬಸವಣ್ಣ ಒಳ್ಳೆಯದು ಮಾಡಲಿ, ಅವರ ಮನೆ ತುಂಬಿರಲಿ.

ನಿನ್ನ
ಗುರಮ್ಮ

ತಾ.ಕ.: ಸುನಿತಾ ಮಲಗಿದ್ದಾಳೆ, ಇದನ್ನು ಅವಳು ಓದಿಲ್ಲ. ದತ್ತಪ್ಪ ಹೇಳುವುದು ಬಿಡುವುದು ನನಗೆ ದೊಡ್ಡದಲ್ಲ. ನೀವು ಊರು ಬಿಟ್ಟ ದಿನ ಸಾಮಾನು ತುಂಬಿದ ಟೆಂಪೋ ನನ್ನ ಬಾಗಿಲ ಮುಂದೆಯೇ ಹಾದುಹೋಯಿತು. ನಾನು ಆಳಂದದಿಂದ ಆಗಷ್ಟೇ ಬಂದಿಳಿದಿದ್ದೆ, ಏನಾಗಿದೆ ಎಂದು ಒಂದೂ ಗೊತ್ತಿರಲಿಲ್ಲ. ಮೊಮ್ಮಗಳು ಹುಟ್ಟಿದ ಸುದ್ದಿ ನಿನಗೇ ಮೊದಲು ಹೇಳಬೇಕೆಂದು ಕೈಯಲ್ಲಿ ಪೇಢೆ ಹಿಡಿದಿದ್ದೆ. "ಬದರೂ" ಎಂದು ಕೂಗಿದೆ. ನೀನು ಕೇಳಿಸಿಕೊಂಡು ತಿರುಗಿದೆ, ನನ್ನನ್ನು ನೋಡಿದೆ, ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಟೆಂಪೋ ಹೋಯಿತು. ನಕ್ಕವರ ಗುಂಪಿನಲ್ಲಿ ನನ್ನನ್ನೂ ಸೇರಿಸಿದೆಯಾ? ಇಷ್ಟು ವರ್ಷ ಹಬ್ಬಕ್ಕೊಮ್ಮೆ ಫೋನಿನಲ್ಲಿ ನೀನು ಆರಾಮಾ ಎಂದು ಕೇಳಿದೆ, ನಾನು ಆರಾಮ್ ಎಂದೆ. ನಾನು ಆರಾಮ್ ಇಲ್ಲ. ಸೇರಿಸಿದ್ದರೆ ಹೌದು ಎಂದು ಬರೆ, ಇಲ್ಲವಾದರೆ ಇಲ್ಲ ಎಂದು ಬರೆ. ದತ್ತ ಜಯಂತಿ ಡಿಸೆಂಬರ್ ನಾಲ್ಕಕ್ಕೆ ಇದೆ. ಅದರೊಳಗೆ ಉತ್ತರ ನನ್ನ ಕೈಗೆ ಬರಬೇಕು.