ಆ ಶೀಷೆಯಲ್ಲಿರುವುದು ಇನ್ನೂ ಔಷಧಿಯಲ್ಲ

ಪ್ರೀತಿಯ ಅಕ್ಕ,

ನೀನು ಫೋನ್ ಎತ್ತುತ್ತಿಲ್ಲ. ಹಾಗಾಗಿ ಈ ಪತ್ರವನ್ನು ಭಾವನ ಕೈಯಲ್ಲೇ ಕಳಿಸುತ್ತಿದ್ದೇನೆ.

ಮಂಗಳವಾರ ನೀನು ನಮ್ಮ ಪ್ರಯೋಗಾಲಯಕ್ಕೆ ಬಂದು ಹೋದಾಗಿನಿಂದ ಫ್ರಿಜ್ಜಿನಲ್ಲಿ ಒಂದು ಶೀಷೆ ಕಡಿಮೆಯಿದೆ. ನನ್ನ ಕೈಜಾರಿ ಒಡೆಯಿತೆಂದು ನಮ್ಮ ಲ್ಯಾಬಿನ ಮೇಡಂಗೆ ಸುಳ್ಳು ಹೇಳಿದ್ದೇನೆ.

ಚೇಳಿನ ವಿಷದ ಒಂದು ತುಣುಕನ್ನು ಮಾದರಿಯಾಗಿಟ್ಟುಕೊಂಡು, ನೋವಿನ ನರವನ್ನಷ್ಟೇ ಸುಮ್ಮನಾಗಿಸಲೆಂದು ನಾವು ಕಟ್ಟಿದ ಪುಟ್ಟ ಅಣು ಅದರಲ್ಲಿರುವುದು. “ಮುಖದ ಈ ನೋವಿಗಿಂತ ಚೇಳು ಕುಟುಕಿದ್ರೇ ವಾಸಿ ಕಣೇ” ಎಂದು ನೀನು ನಕ್ಕಾಗ ನಾನೂ ನಕ್ಕೆ. ಇಲಿಗಳ ನೋವು ನಿಂತಿತೆಂದು ಜಂಬದಿಂದ ಹೇಳಿದೆ. ನಾಲ್ಕನೆಯ ದಿನ ಅವುಗಳಲ್ಲಿ ಮೂರರ ಉಸಿರೂ ನಿಂತಿತೆಂದು ಹೇಳಲಿಲ್ಲ. ಎಷ್ಟೋ ತಿಂಗಳ ಮೇಲೆ ನಿನ್ನ ಕಣ್ಣಲ್ಲಿ ಆಸೆ ಕಂಡಿತ್ತು, ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ತಪ್ಪು ನನ್ನದೇ.

ಅದನ್ನು ಇನ್ನೂ ಬಳಸಿಲ್ಲವಾದರೆ ಭಾವನ ಕೈಗೆ ಕೊಟ್ಟುಬಿಡು. ಚುಚ್ಚಿಕೊಂಡಿದ್ದರೆ ಈಗಲೇ ಅವರ ಜೊತೆ ಆಸ್ಪತ್ರೆಗೆ ಹೋಗಿ ಡಾಕ್ಟರಿಗೆ ಈ ಪತ್ರವನ್ನೇ ತೋರಿಸು. ಅಣುವಿನ ವಿವರವೆಲ್ಲ ಹಿಂಬದಿಯಲ್ಲಿದೆ. ನನ್ನ ಕೆಲಸ ಹೋಗುತ್ತದೆಂದು ಏನನ್ನೂ ಬಚ್ಚಿಡಬೇಡ. ಮೇಡಂಗೆ ನಿಜ ಹೇಳಲು ನಾನು ಈಗ ಮಹಡಿ ಹತ್ತುತ್ತಿದ್ದೇನೆ.

ನಿನ್ನ ತಂಗಿ